ಎಣ್ಣೆಗಪ್ಪು ಬಣ್ಣ, 5 ಅಡಿ 1 ಇಂಚು ಎತ್ತರ: ಮದುವೆಗೆ ಯಾವ ಸೀರೆ, ಎಂಥ ಬ್ಲೌಸ್?

ನೇರಳೆ:

ತಂಗಿ ಮದುವೆ ದಾವಣಗೆರೆಯಲ್ಲಿ. ಹಿಂದಿನ ದಿನ ಸಂಜೆ ಏಳಕ್ಕೆ ರಿಸೆಪ್ಷನ್, ಮಾರನೇ ದಿನ ಬೆಳಿಗ್ಗೆ ಹತ್ತೂವರೆಗೆ ಮುಹೂರ್ತ. ಎರಡು ಸೀರೆ ತಗೋಬೇಕು.

ಅಳತೆ ಮೊದಲೇ ಹೇಳಿಬಿಡ್ತೀನಿ, ಇಲ್ಲದಿದ್ರೆ ಎಲ್ಲರೂ ಅದನ್ನೇ ಕೇಳ್ತೀರ. ಎತ್ತರ 5 ಅಡಿ 1 ಇಂಚು. ಎದೆ 40, ಬ್ಲೌಸ್ ಮುಗಿಯೋ ಜಾಗದಲ್ಲಿ 35, ಹೊಟ್ಟೆ 39, ಸೀಟು 43 ಇಂಚು. ತೋಳಿನ ದಪ್ಪ 14. ಮೈಬಣ್ಣ ಎಣ್ಣೆಗಪ್ಪು.

ಒಂದು ಅಂಗಡಿಯಲ್ಲಿ "ನಿಮ್ಮ ಕಲರಿಗೆ ಲೈಟ್ ಬೇಡ ಮೇಡಂ, ಡಾರ್ಕ್ ತಗೊಳ್ಳಿ" ಅಂದ್ರು. ಪಕ್ಕದ ಅಂಗಡಿಯಲ್ಲಿ "ಡಾರ್ಕ್ ಹಾಕಿದ್ರೆ ಇನ್ನೂ ಡಾರ್ಕ್ ಕಾಣ್ತೀರಿ, ಪೇಸ್ಟಲ್ ನೋಡಿ" ಅಂತ ಬೂದಿ ಗುಲಾಬಿ ಬಣ್ಣದ್ದು ಹೆಗಲಿಗೆ ಹಾಕಿದ್ರು. ಎರಡೂ ಸರಿ ಅನ್ನಿಸಲಿಲ್ಲ. ಬೆಳ್ಳಗೆ ಕಾಣಿಸೋ ಉಪಾಯ ಯಾರೂ ಹೇಳಬೇಡಿ, ಅದು ನನಗೆ ಬೇಡ. ಬಣ್ಣ ಹೇಗೆ ಆರಿಸೋದು, ಅಂಚು ಎಷ್ಟು ಅಗಲ ಇರಬೇಕು, ಬ್ಲೌಸ್ ಹೇಗೆ ಹೊಲಿಸೋದು, ಇಷ್ಟು ಬೇಕು.

ಬಣ್ಣದ_ಲೆಕ್ಕ:

ಇಬ್ಬರು ಅಂಗಡಿಯವರೂ ಅರ್ಧ ಸರಿ, ಅರ್ಧ ತಪ್ಪು. ಡಾರ್ಕು, ಲೈಟು ಅಂತ ಎರಡು ಪಾಲು ಮಾಡಿದ್ರೇ ದಾರಿ ತಪ್ಪುತ್ತೆ. ನೋಡಬೇಕಾದ್ದು ಬೇರೆ: ಬಟ್ಟೆಗೂ ನಿಮ್ಮ ಚರ್ಮಕ್ಕೂ ಕಪ್ಪು-ಬಿಳುಪಿನ ಅಂತರ ಎಷ್ಟಿದೆ, ಆ ಬಣ್ಣಕ್ಕೆ ಬೂದಿ ಎಷ್ಟು ಬೆರೆತಿದೆ.

ಅಂತರ ನೋಡೋಕೆ ಫೋನ್ ಸಾಕು. ಬಿಸಿಲು ನೇರವಾಗಿ ಬೀಳದ ಕಿಟಕಿಯ ಎದುರು ನಿಂತು, ಮುಖಕ್ಕೆ ಪೌಡರ್ ಏನೂ ಹಚ್ಚದೆ, ಸೀರೆಯನ್ನ ಗದ್ದದ ಕೆಳಗೆ ಹಿಡಿದು ಫೋಟೊ ತೆಗೆಸಿ. ಆಮೇಲೆ ಅದನ್ನ ಕಪ್ಪು-ಬಿಳುಪು ಮಾಡಿ. ಕೆನ್ನೆ, ಬಟ್ಟೆ ಎರಡೂ ಒಂದೇ ಬೂದು ಬಂದ್ರೆ ಆ ಸೀರೆ ನಿಮ್ಮ ಮೈಯಲ್ಲಿ ಕರಗಿಹೋಗುತ್ತೆ ಅಂತ ಅರ್ಥ. ಕಾಫಿ ಬಣ್ಣ, ತೇಗದ ಬಣ್ಣ, ಮಂಕು ತಾಮ್ರ, ಮಿಲಿಟರಿ ಹಸಿರು ಎಣ್ಣೆಗಪ್ಪಿಗೆ ಸಾಮಾನ್ಯವಾಗಿ ಹೀಗೆ ಕೈಕೊಡ್ತವೆ. ಚರ್ಮಕ್ಕಿಂತ ಎರಡು ಮೆಟ್ಟಿಲು ಗಾಢ ಇರೋ ವೈನ್, ನೇರಳೆ, ಬಾಟಲ್ ಹಸಿರು ಒಪ್ಪುತ್ತೆ. ಸ್ಪಷ್ಟವಾಗಿ ತಿಳಿ ಇರೋ ದಂತದ ಬಣ್ಣ, ಅರಿಶಿನವೂ ಒಪ್ಪುತ್ತೆ. ಈ ಪರೀಕ್ಷೆಗೆ ಸಿಗದ ಒಂದು ಗುಂಪಿದೆ: ರಾಣಿ ಗುಲಾಬಿ, ನವಿಲು ನೀಲಿ, ಗಿಳಿ ಹಸಿರಿನಂಥವು. ಅವು ಒಂದೇ ಬೂದು ಬಂದ್ರೂ ಪರವಾಗಿಲ್ಲ, ಬಣ್ಣದ ಕಸುವೇ ಅವನ್ನ ಎತ್ತಿ ನಿಲ್ಲಿಸುತ್ತೆ.

ಬೂದಿಯ ವಿಷಯ. ನಿಮ್ಮ ಹೆಗಲಿಗೆ ಹಾಕಿದ ಬೂದಿ ಗುಲಾಬಿ ಕೆಡೋಕೆ ಕಾರಣ ಅದು ತಿಳಿ ಆಗಿರೋದಲ್ಲ, ಮಂಕಾಗಿರೋದು. ಅಂಥ ಬಟ್ಟೆ ಪಕ್ಕದಲ್ಲಿದ್ರೆ ಬಾಯಿಯ ಸುತ್ತ, ಕಣ್ಣಿನ ಕೆಳಗೆ ಬೂದಿ ಬಳಿದ ಹಾಗೆ ಕಾಣುತ್ತೆ. ಅದೇ ತಿಳಿಯಲ್ಲಿ ಶುದ್ಧ ಕೆನೆ ಬಣ್ಣದ ಒಡಲು (ಅಂಚು, ಸೆರಗು ಬಿಟ್ಟ ಸೀರೆಯ ಮೈ), ಕೆಂಪು ಅಥವಾ ಹಸಿರು ಅಂಚು ಇರೋದನ್ನ ಹಾಕಿ ನೋಡಿ, ಅದೇ ಮುಖ ಹೊಳೆಯುತ್ತೆ.

ಕೈಯ ನರ ಹಸಿರೋ ನೀಲಿಯೋ ಅಂತ ನೋಡೋ ಪರೀಕ್ಷೆ ಬಿಟ್ಟುಬಿಡಿ, ನಮ್ಮ ಚರ್ಮದಲ್ಲಿ ಎಷ್ಟೋ ಜನಕ್ಕೆ ನರವೇ ಸರಿಯಾಗಿ ಕಾಣಲ್ಲ. ಬದಲಿಗೆ ಜೋಡಿ ಇಟ್ಟು ನೋಡಿ. ಇಟ್ಟಿಗೆ ಕೆಂಪು ಒಂದು ಕಡೆ, ರಾಣಿ ಗುಲಾಬಿ ಇನ್ನೊಂದು ಕಡೆ. ಆಮೇಲೆ ಸಾಸಿವೆ ಹಳದಿ, ನಿಂಬೆ ಹಳದಿ. ಬಟ್ಟೆಯನ್ನ ನೋಡಬೇಡಿ, ಗದ್ದದ ಕೆಳಗಿನ ನೆರಳು ನೋಡಿ. ಯಾವುದರಲ್ಲಿ ನೆರಳು ಮೆತ್ತಗಾಗಿ, ಕಣ್ಣಿನ ಬಿಳಿ ಬೆಳ್ಳಗೆ ಕಾಣುತ್ತೋ ಆ ಕಡೆಯವು ನಿಮ್ಮವು. ಇಟ್ಟಿಗೆ, ಸಾಸಿವೆ ಗೆದ್ರೆ ಹಳೇ ಬಂಗಾರದ ಜರಿ ಕೇಳಿ. ರಾಣಿ, ನಿಂಬೆ ಗೆದ್ರೆ ಬೆಳ್ಳಿ ಜರಿಯೂ ಚೆನ್ನಾಗಿ ಕೂರುತ್ತೆ.

ಅಂಗಡಿಯಲ್ಲಿ ಎಲ್ಲರೂ ಮೋಸಹೋಗೋ ಜಾಗ ಒಂದಿದೆ. ಅವರು ಸೆರಗನ್ನ ಬಿಚ್ಚಿ ನಿಮ್ಮ ಎದೆ ಮೇಲೆ ಹರಡ್ತಾರೆ, ಕನ್ನಡಿ ತೋರಿಸ್ತಾರೆ, ನೀವು ಹೂಂ ಅಂತೀರ. ಉಟ್ಟಾಗ ಆ ಸೆರಗು ಬೆನ್ನಿಗೆ ಹೋಗುತ್ತೆ! ಮುಂದೆ, ಗದ್ದದ ಕೆಳಗೆ ಬರೋದು ಒಡಲಿನ ಬಣ್ಣ. ಆದ್ದರಿಂದ ಒಡಲಿನ ಭಾಗವನ್ನ ಓರೆಯಾಗಿ ಎದೆ ಮೇಲೆ ಹಾಕಿಸಿ ನೋಡಿ. ಬಲಗಡೆ ಮುಖದ ಹತ್ತಿರ ಇರೋದು ಬ್ಲೌಸ್ ಮಾತ್ರ. ಸೀರೆಯ ಬಣ್ಣ ಸ್ವಲ್ಪ ಎಡವಟ್ಟಾದ್ರೂ ಬ್ಲೌಸ್ ಸರಿಯಾದ ಬಣ್ಣದ್ದಾದ್ರೆ ಮುಖ ಉಳಿಯುತ್ತೆ.

ಸೀರೆಯನ್ನ ಅಂಗಡಿ ಬಾಗಿಲವರೆಗೆ ತಂದು ಹಗಲು ಬೆಳಕಲ್ಲಿ ನೋಡೋಕೆ ಸಂಕೋಚ ಬೇಡ. ಒಳಗಿನ ಎಲ್‌ಇಡಿ ದೀಪದಲ್ಲಿ ನೇರಳೆ, ನೇವಿ, ಕಪ್ಪು ಮೂರೂ ಒಂದೇ ಥರ ಕಾಣೋದುಂಟು.

ಮಗ್ಗದ_ಓಣಿ:

ಬಣ್ಣದ ಮಾತು ಚಲೋ ಹೇಳ್ಯಾರ. ನಾ ನೇಯ್ಗಿ, ದಡಿ (ಅಂಚು) ಎರಡ ಮಾತು ಹೇಳತೀನಿ.

ಮೊದಲ ದಡಿ. ಸೀರಿ ಅಗಲ 46 ಇಂಚು ಹಿಡೀರಿ. 5 ಅಡಿ 1 ಇಂಚಿನವರಿಗೆ ಸೊಂಟದಿಂದ ನೆಲದ ತನಕ ಚಪ್ಪಲಿ ಸೇರಿ 38-39 ಇಂಚು ಕಾಣತೈತಿ, ಉಳಿದದ್ದು ಒಳಗ ಹೋಗತೈತಿ. ಅಷ್ಟರಾಗ 8 ಇಂಚಿನ ದಡಿ ಬಂತಂದ್ರ ಐದನೇ ಒಂದು ಪಾಲು ಅದೇ ತಿಂತು. ಅದೂ ಒಡಲು ಹಸರು, ದಡಿ ಕೆಂಪು ಅಂದ್ರ ಮೊಣಕಾಲ ಕೆಳಗ ಕತ್ತರಿಸಿದಂಗ ಕಾಣತೈತಿ. ನಿಮಗ ಎರಡೂವರಿಂದ ನಾಕು ಇಂಚು ಸಾಕ್ರಿ. ಟೇಪ್ ಇಲ್ಲಂದ್ರ ನಾಕು ಬೆರಳು ಸೇರಿಸಿ ಇಡ್ರಿ, ಮೂರು ಇಂಚಿನ ಆಜೂಬಾಜೂ ಆಗತೈತಿ. ಅಗಲ ದಡಿನ ಬೇಕಂದ್ರ ಒಡಲಿನ ಬಣ್ಣದ್ದೇ ದಡಿ ತಗೋರಿ, ಜರಿ ಅಷ್ಟ ಬ್ಯಾರೆ ಇರಲಿ.

ಎರಡನೇದು ಗೆರಿ. ಇದು ಭಾಳ ಮಂದಿಗಿ ಹೊಳೆಯೂದಿಲ್ಲ. ಸೀರಿಯ ಹಾಸು, ಅಂದ್ರ ಉದ್ದಕ್ಕ ಹೋಗೂ ಎಳಿ, ಮೈಮ್ಯಾಲ ಸುತ್ತ ಬರತೈತಿ. ಹಿಂಗಾಗಿ ದಡಿ ಜೋಡಿ ಉದ್ದಕ ಓಡೂ ಗೆರಿ ಉಟ್ಟಾಗ ಅಡ್ಡ ಆಗತಾವ. ದಡಿಯಿಂದ ದಡಿಗೆ ಅಡ್ಡ ಹಾಯೂ ಗೆರಿ ಉಟ್ಟಾಗ ನೆಟ್ಟಗ ನಿಲ್ಲತಾವ. ಕೌಂಟರ್ ಮ್ಯಾಲ ನೋಡಿ "ಉದ್ದ ಗೆರಿ, ಎತ್ತರ ಕಾಣತೀನಿ" ಅಂತ ತಗೊಂಡು ಮನಿಗಿ ಹೋಗಿ ಉಟ್ಟರ ಉಲ್ಟಾ! ಸೀರಿ 90 ಡಿಗ್ರಿ ತಿರುವಿ ಹಿಡಿದು ನೋಡ್ರಿ. ಚೌಕಡಿ ಆದ್ರ ಅರ್ಧ ಇಂಚಿನ ಒಳಗ ಇರಲಿ.

ಇನ್ನ ಬಟ್ಟಿ. ಇಳಕಲ್ ಆದ್ರ ಹತ್ತಿ ಒಡಲಿಂದ ರೇಷ್ಮಿ ಸೆರಗಿನ ತನಕ ತರಾವರಿ ಸಿಗತಾವ. ಗಂಜಿ ಹಾಕಿದ ಹೊಸ ಹತ್ತಿ ಸೀರಿ ಸೊಂಟದಾಗ ಉಬ್ಬತೈತಿ, ನಿಮಗ ಅದು ಬ್ಯಾಡ. ರೇಷ್ಮಿಗೆ ರೇಷ್ಮಿ ನೇಯ್ದದ್ದು ಆದ್ರ ಮೆತ್ತಗ ಇಳೀತೈತಿ. ಸೆರಗು ಮಾತ್ರ ಕೆಂಪು-ಬಿಳಿನ, ಅದು ಬೆನ್ನಿಗೆ ಹೋಗೂದರಿಂದ ಮುಖಕ್ಕ ಏನೂ ಮಾಡೂದಿಲ್ಲ. ಒಡಲಿಗೆ ಸೆರಗು ಕೂಡಿಸೂ ಕೊಂಡಿ ಸಾಲು ಬೆರಳಾಡಿಸಿ ನೋಡ್ರಿ, ಕುಣಿಕಿ ಒಂದರಾಗ ಒಂದು ಬಿಗಿ ಕೂತಿರಬೇಕು. ಸಡಿಲ ಇದ್ದರ ಹೆಗಲ ಮ್ಯಾಲ ಪಿನ್ ಹಾಕೂ ಜಾಗದಾಗ ಜಗ್ಗತೈತಿ. ಕೆಂಪು ಮೊದಲನೇ ಒಗಿಯಾಗ ಬಣ್ಣ ಬಿಡಬಹುದು, ಬ್ಯಾರೆ ಒಗೀರಿ.

ಕಂಚಿ ಸೀರಿ ಚಂದನ, ಆದ್ರ ಭಾರಿ ಜರಿ ದಡಿ ಇದ್ದದ್ದು ಗಿಡ್ಡ ಇದ್ದವರಿಗೆ ಸೊಂಟದಾಗ ಡಬ್ಬಿ ಕಟ್ಟಿದಂಗ ನಿಲ್ಲತೈತಿ. ನನ್ನ ಕೇಳಿದ್ರ ಮುಹೂರ್ತಕ್ಕ ಮೈಸೂರು ಸಿಲ್ಕ್. ಕ್ರೇಪ್ ಅದು: ಎಳಿಗೆ ಜೋರ ಹುರಿ ಕೊಟ್ಟು ನೇಯ್ದು ಆಮ್ಯಾಲ ಕುದಿಸತಾರ, ಹುರಿ ಬಿಚ್ಚಾಕ ಹೋಗಿ ಬಟ್ಟಿ ಸಣ್ಣಗ ಸುಕ್ಕ ಹಿಡಿತೈತಿ, ಅದಕ್ಕ ನೀರು ಬಿದ್ದಂಗ ಇಳೀತೈತಿ. ಮೈಸೂರಿನ ಕಾರ್ಖಾನಿ ನಾಲ್ವಡಿ ಕೃಷ್ಣರಾಜ ಒಡೆಯರು 1912ರಾಗ ಶುರು ಮಾಡಿದ್ದು, ಈಗ ರಾಜ್ಯ ಸರ್ಕಾರದ ರೇಷ್ಮಿ ನಿಗಮ ಕೆಎಸ್‌ಐಸಿ ನಡಸತೈತಿ. ಜರಿಯಾಗ 65% ಬೆಳ್ಳಿ, 0.65% ಬಂಗಾರ. ಒಂದೇ ಬಣ್ಣದ ಒಡಲು, ಸಣ್ಣ ಜರಿ ದಡಿ ಇದ್ದದ್ದು ನಿಮ್ಮ ಎತ್ತರಕ್ಕ ಹೇಳಿ ಮಾಡಿಸಿದಂಗ.

ಯಾವ ಸೀರಿ ಆದ್ರೂ ಒಂದು ಪರೀಕ್ಷಾ ಮಾಡ್ರಿ. ಐದು ನಿರಗಿ ಹಿಡಿದು ಮ್ಯಾಲ ಎತ್ತಿ ಕೆಳಗ ಬಿಡ್ರಿ. ಕೆಳಗಿನ ತುದಿ ಬೀಸಣಿಕಿ ಹಂಗ ಅಗಲಾದ್ರ ಮೈಮ್ಯಾಲೂ ಹಂಗ ಆಗತೈತಿ.

ನೇರಳೆ:

ಸೀರೆ 90 ಡಿಗ್ರಿ ತಿರುಗಿಸೋದು ಹೊಳೆದೇ ಇರಲಿಲ್ಲ! ಮುಹೂರ್ತಕ್ಕೆ ಗಾಢ ನೇರಳೆ ಮೈಸೂರು ಸಿಲ್ಕ್, ಸಣ್ಣ ಅಂಚಿನದು ಅಂತ ಮನಸ್ಸು ಮಾಡಿದೆ. ಹಾಗಾದ್ರೆ ಎರಡು ಅನುಮಾನ. ಕ್ರೇಪ್ ಹೊಟ್ಟೆಗೆ ಅಂಟಿಕೊಂಡು ಎಲ್ಲಾ ತೋರಿಸುತ್ತೆ ಅಂತಾರಲ್ಲ? ಬ್ಲೌಸ್‌ಗೆ ಪ್ರಿನ್ಸೆಸ್ ಕಟ್ಟಾ, ಕಟೋರಿನಾ? ಈಗಿರೋ ಬ್ಲೌಸುಗಳೆಲ್ಲ ಕೈ ಎತ್ತಿದ್ರೆ ಮೇಲಕ್ಕೆ ಬರ್ತವೆ, ಮುಂದಿನ ಕತ್ತು ಬಾಯಿ ಬಿಡುತ್ತೆ.

ಟೇಪು_ಕತ್ತರಿ:

ಕೈ ಎತ್ತಿದ್ರೆ ಬ್ಲೌಸ್ ಮೇಲೆ ಬರೋದು ಉದ್ದ ಸಾಲದ್ದಕ್ಕಲ್ಲ, ಕಂಕುಳು ಕೆಳಗಿಳಿದಿರೋದಕ್ಕೆ. ತುಂಬಾ ಟೈಲರ್‌ಗಳು ತೋಳು ಬಿಗಿ ಅಂದ ಕೂಡಲೇ ಕಂಕುಳನ್ನ ಅರ್ಧ ಇಂಚು ಕೆಳಗೆ ಕೊರೀತಾರೆ. ಆಗ ಕೈ ಎತ್ತಿದ್ರೆ ಪಕ್ಕದ ಹೊಲಿಗೆಯೇ ಎಳೆದುಕೊಂಡು ಬರುತ್ತೆ. ಎದೆ 40ಕ್ಕೆ ಕಂಕುಳ ಸುತ್ತು 17ರಿಂದ 17.5 ಸಾಕು, ಕಂಕುಳಿಗೆ ಹತ್ತಿರ ಕೂರಬೇಕು. ಬಿಗಿಯಾದ್ರೆ ಅಗಲ ಮಾಡಬೇಕಾದ್ದು ತೋಳಿನ ಬಟ್ಟೆಯನ್ನ. ನಿಮ್ಮ ತೋಳು 14 ಅಂದ್ರೆ ಹೊಲಿದ ಮೇಲೆ 15 ಬರಲಿ.

ಕತ್ತು ಬಾಯಿ ಬಿಡೋದಕ್ಕೆ ಎರಡು ಕಾರಣ. ಮುಂದೆ 7, ಹಿಂದೆ 10 ಹೀಗೆ ಎರಡೂ ಕಡೆ ಆಳ ಇಟ್ರೆ ಹೆಗಲ ಪಟ್ಟಿಯನ್ನ ಹಿಡಿಯೋಕೆ ಏನೂ ಇರಲ್ಲ, ಜಾರುತ್ತೆ. ಒಂದು ಕಡೆ ಆಳ ಮಾಡಿಸಿ, ಇನ್ನೊಂದು ಕಡೆ ಬಿಗಿ ಇಡಿಸಿ. ಹಿಂದೆ 9 ಬೇಕೇ ಬೇಕಂದ್ರೆ ಮುಂದೆ 6, ಬೆನ್ನ ಮೇಲೆ ಕಟ್ಟೋ ದಾರ, ಅಂದ್ರೆ ಡೋರಿ. ಎರಡನೇದು, ಕತ್ತಿನ ಓರೆ ಭಾಗ ಹೊಲಿಯೋವಾಗ ಹಿಗ್ಗುತ್ತೆ. ಕತ್ತರಿಸಿದ ತಕ್ಷಣ ಕತ್ತಿನ ಸುತ್ತ ಒಂದು ಸಾಲು ಹೊಲಿಗೆ ಹಾಕಿ ಹಿಡಿದಿಟ್ಟರೆ ಹಿಗ್ಗಲ್ಲ. ಆಗಲೇ ಹೊಲಿದಿರೋ ಬ್ಲೌಸ್‌ಗಳಿಗೆ ಹೆಗಲ ಹೊಲಿಗೆಯಲ್ಲಿ, ಕತ್ತಿನ ತುದಿಯಿಂದ ತೋಳಿನ ಕಡೆಗೆ ಓರೆಯಾಗಿ, ಕಾಲು ಇಂಚು ಒಳಗೆ ತಗೊಳ್ಳೋಕೆ ಹೇಳಿ.

ನಿಮ್ಮ ಅಳತೆಗೆ ಪ್ರಿನ್ಸೆಸ್ ಕಟ್. ಹೊಲಿಗೆ ಕಂಕುಳಿಂದ ಎದೆಯ ತುದಿ ದಾಟಿ ಕೆಳಗೆ ಓಡೋದ್ರಿಂದ ಕಣ್ಣಿಗೆ ಉದ್ದ ಗೆರೆ ಸಿಗುತ್ತೆ. ಕಟೋರಿಯಲ್ಲಿ ಎದೆಯ ಕೆಳಗೆ ಅಡ್ಡ ಹೊಲಿಗೆ ಬರುತ್ತೆ, ಹಿಡಿತ ಚೆನ್ನಾಗಿದೆ, ಆದ್ರೆ ತೆಳು ಕ್ರೇಪ್ ಸೆರಗಿನ ಕೆಳಗೆ ಆ ಗೆರೆ ಉಬ್ಬಿ ಕಾಣುತ್ತೆ. ಟಕ್ಸ್ (ಎದೆಯ ಆಕಾರಕ್ಕೆ ಬಟ್ಟೆ ಮಡಚಿ ಹಾಕೋ ಮೊನೆಯ ಹೊಲಿಗೆ) ಬ್ಲೌಸೇ ಹೊಲಿಸಿದ್ರೆ ಟಕ್ಸಿನ ಮೊನೆ ಎದೆಯ ತುದಿಗೆ ಮುಕ್ಕಾಲು ಇಂಚು ಮೊದಲೇ ನಿಲ್ಲಬೇಕು, ತುದಿವರೆಗೆ ಹೊಲಿದ್ರೆ ಚೂಪಾಗುತ್ತೆ.

ಟೈಲರ್ ಸಾಮಾನ್ಯವಾಗಿ ತಗೊಳ್ಳದೇ ಇರೋ ಎರಡು ಅಳತೆ ನೀವೇ ಕೇಳಿ ತೆಗೆಸಿ: ಹೆಗಲಿಂದ ಎದೆಯ ತುದಿಗೆ ಎಷ್ಟು (40ಕ್ಕೆ ಸುಮಾರು 10ರಿಂದ 10.5 ಬರುತ್ತೆ), ತುದಿಯಿಂದ ತುದಿಗೆ ಎಷ್ಟು (ಸುಮಾರು 8). ಹಳೇ ಬ್ಲೌಸ್ ಕೊಟ್ಟು "ಇದೇ ಅಳತೆ" ಅನ್ನಬೇಡಿ, ಅದರ ತಪ್ಪೂ ಹೊಸದಕ್ಕೆ ಹೋಗುತ್ತೆ.

ತೋಳಿನ ಉದ್ದ: 5-6 ಇಂಚಿನ ತೋಳು ನಿಮ್ಮ ತೋಳಿನ ಅತಿ ದಪ್ಪ ಜಾಗದಲ್ಲಿ ನಿಲ್ಲುತ್ತೆ, ಜೊತೆಗೆ ಎದೆಯ ಮಟ್ಟಕ್ಕೆ ಅಡ್ಡ ಗೆರೆ ಎಳೆಯುತ್ತೆ. ಮೊಣಕೈಗೆ ಸ್ವಲ್ಪ ಮೇಲೆ, ಹತ್ತು ಇಂಚಿನ ಆಸುಪಾಸು ನಿಲ್ಲಿಸಿ.

ಸೀರೆ ಜೊತೆ ಬರೋ 80 ಸೆಂ.ಮೀ. ತುಂಡು ಈ ಅಳತೆಗೆ, ಈ ತೋಳಿಗೆ ಸಾಲದು. 1 ಮೀಟರ್ ರಾ ಸಿಲ್ಕ್ ಬೇರೆ ತಗೊಳ್ಳಿ. ಗಾಢ ನೇರಳೆಗೆ ಸಾಸಿವೆ ಅಥವಾ ಗಿಳಿ ಹಸಿರು ನೋಡಿ, ಬಣ್ಣದ ಲೆಕ್ಕದವರು ತಕರಾರು ತೆಗೀಬಹುದು. ಲೈನಿಂಗ್ ಹತ್ತಿಯದೇ ಇರಲಿ, ಹೊಲಿಯೋ ಮೊದಲು ರಾತ್ರಿಯಿಡೀ ನೀರಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿ ಕೊಡಿ. ಇಲ್ಲದಿದ್ರೆ ಮೊದಲ ಒಗೆತಕ್ಕೇ ಒಳಗಿಂದು ಕುಗ್ಗಿ ಮೇಲಿನ ರೇಷ್ಮೆ ಸುಕ್ಕುಗಟ್ಟುತ್ತೆ. ಪಕ್ಕದಲ್ಲಿ ಒಂದೂವರೆ ಇಂಚು ಬಟ್ಟೆ ಒಳಗೆ ಬಿಡಿಸಿ.

ನೆರಿಗೆ_ಪಿನ್ನು:

ತೋಳಿನ ಮಾತಿಗೆ ನಾನು ಒಪ್ಪಲ್ಲ. 5 ಅಡಿ 1 ಇಂಚಿನವರಿಗೆ ಹತ್ತು ಇಂಚಿನ ತೋಳು, ಅದೂ ಸೀರೆಗಿಂತ ಬೇರೆ ಬಣ್ಣದ್ದು ಹಾಕಿದ್ರೆ ಮೇಲಿನ ಅರ್ಧ ಒಂದೇ ಗಟ್ಟಿ ಚೌಕ ಆಗುತ್ತೆ. ಬೇರೆ ಬಣ್ಣದ ಬ್ಲೌಸ್ ಆದ್ರೆ 8 ಇಂಚಿಗೆ ನಿಲ್ಲಿಸಿ, ತೋಳು ಸಣ್ಣಗಾಗೋಕೆ ಶುರುವಾಗೋ ಜಾಗ ಅದು. ಸೀರೆ ಬಣ್ಣದ್ದೇ ಬ್ಲೌಸ್ ಆದ್ರೆ ಹತ್ತು ಇರಲಿ.

ಕ್ರೇಪ್ ಅಂಟೋ ವಿಷಯ: ಕ್ರೇಪ್ ತೋರಿಸೋದು ಹೊಟ್ಟೆಯನ್ನಲ್ಲ, ಲಂಗವನ್ನ. ಲಾಡಿ ಎಳೆದಾಗ ಸೊಂಟದಲ್ಲಿ ಬರೋ ಸುಕ್ಕು, ಲಾಡಿಯ ಗಂಟು, ಒಳಉಡುಪಿನ ಅಂಚು, ಇವೇ ಮೇಲೆ ಮೂಡೋದು. ಸೊಂಟಕ್ಕೆ ಚಪ್ಪಟೆ ಪಟ್ಟಿ ಇರೋ, ಕೆಳಗೆ ಮಾತ್ರ ಅಗಲ ಆಗೋ ಲಂಗ ಹೊಲಿಸಿ. ಗಂಟು ಬಲ ಪಕ್ಕಕ್ಕೆ ಬರಲಿ, ಹೊಕ್ಕುಳ ಮುಂದೆ ಬೇಡ. ಸ್ಯಾಟಿನ್ ಲಂಗದ ಮೇಲೆ ಕ್ರೇಪ್ ಜಾರುತ್ತೆ, ಪಾಪ್ಲಿನ್ ಹತ್ತಿಯದೇ ಆಗಬೇಕು. ಬಣ್ಣ ಸೀರೆಯದ್ದೇ.

ಉಡೋ ಲೆಕ್ಕ ನಿಮ್ಮ ಅಳತೆಗೆ ಹೀಗೆ ಬರುತ್ತೆ. 5.5 ಮೀಟರ್ ಅಂದ್ರೆ 216 ಇಂಚು. ಮೊದಲ ಸುತ್ತಿಗೆ 45, ನೆರಿಗೆ ಆದ ಮೇಲೆ ಎಡದಿಂದ ಬೆನ್ನು ಸುತ್ತಿ ಬಲ ಸೊಂಟಕ್ಕೆ 35, ಅಲ್ಲಿಂದ ಎಡ ಹೆಗಲಿಗೆ 30, ಹೆಗಲಿಂದ ಮಂಡಿ ಹಿಂದಿನ ಮಡಿಕೆವರೆಗೆ ಸೆರಗು 34. ಒಟ್ಟು 144. ಉಳಿದದ್ದು 72. ಒಂದು ನೆರಿಗೆಗೆ ಅದರ ಅಗಲದ ಎರಡು ಪಾಲು ಬಟ್ಟೆ ಬೇಕು. 5 ಇಂಚಿನ ಏಳು ನೆರಿಗೆ ಹಿಡಿಯೋ ಬದಲು 6 ಇಂಚಿನ ಆರು ಹಿಡಿದ್ರೆ ಹೊಟ್ಟೆ ಮೇಲೆ ಎರಡು ಪದರ ಕಡಿಮೆ. ಸೆರಗನ್ನ ಹಿಮ್ಮಡಿವರೆಗೆ ಬಿಡಬೇಡಿ. ಹಿಂದಿನಿಂದ ನೋಡಿದವರಿಗೆ ಸೆರಗಿನ ತುದಿಯೇ ನಿಮ್ಮ ಎತ್ತರವನ್ನ ಎಲ್ಲಿ ಕತ್ತರಿಸಬೇಕು ಅಂತ ಹೇಳೋದು.

ಸೊಂಟದ ಒಳಗೆ ಏಳೆಂಟು ಇಂಚು ಬಟ್ಟೆ ಹೋಗುತ್ತಲ್ಲ, ಅದನ್ನ ಮುದ್ದೆ ಮಾಡಿ ತುರುಕಿದ್ರೇ ಹೊಟ್ಟೆ ಬರೋದು. ಒಳಗೆ ಕೈ ಹಾಕಿ ಕೆಳಮುಖವಾಗಿ ಸವರಿ ಇಳಿಸಿ. ನೆರಿಗೆಯನ್ನ ಹೊಕ್ಕುಳಿಗಿಂತ ಒಂದು ಇಂಚು ಎಡಕ್ಕೆ ಸಿಗಿಸಿ, ಸಿಗಿಸುವ ಮೊದಲು ಪಿನ್ ಹಾಕಿ. ಹೆಗಲ ಮೇಲೆ ಸೆರಗಿನ ಮಡಿಕೆ 4 ಇಂಚು ಅಗಲ ಇರಲಿ, ಅದಕ್ಕಿಂತ ಸಣ್ಣ ಮಾಡಿದ್ರೆ ಪಕ್ಕದಿಂದ ಹೊಟ್ಟೆ ಪೂರ್ತಿ ಕಾಣುತ್ತೆ. ಚಪ್ಪಲಿ ಮೊದಲು, ಸೀರೆ ಆಮೇಲೆ. ಈ ಒಂದು ವಿಷಯಕ್ಕೆ ಎಷ್ಟು ಸೀರೆ ಪಾದದ ಮೇಲೆ ನೇತಾಡಿಕೊಂಡು ಮಂಟಪಕ್ಕೆ ಹೋಗಿವೆಯೋ.

ಬಣ್ಣದ_ಲೆಕ್ಕ:

ತಕರಾರು ತೆಗೀತೀನಿ: ನೇರಳೆಗೆ ಗಿಳಿ ಹಸಿರು ಬ್ಲೌಸ್ ಒಪ್ಪುತ್ತೆ, ಸಾಸಿವೆ ಮಾತ್ರ ಇಟ್ಟಿಗೆ-ಸಾಸಿವೆ ಜೋಡಿ ಗೆದ್ದವರಿಗೆ. ಮೊದಲು ಆ ಪರೀಕ್ಷೆ ಮಾಡಿ.

ರಿಸೆಪ್ಷನ್ ಮರೆತೇಬಿಟ್ಟೆವು. ಸ್ಟೇಜಿನ ದೀಪ ಬೆಳ್ಳಗಿರುತ್ತೆ, ಎದುರಿಂದ ಬೀಳುತ್ತೆ. ಜರಿ ಎಳೆ ಬೆರೆಸಿ ನೇಯ್ದ ಟಿಶ್ಯೂ ಸೀರೆ, ಮೈತುಂಬ ಸೀಕ್ವಿನ್ಸ್ ಇರೋದು ಫ್ಲ್ಯಾಶ್‌ನಲ್ಲಿ ಮುಖಕ್ಕಿಂತ ಮೊದಲು ಹೊಳೆಯುತ್ತೆ, ಕ್ಯಾಮೆರಾ ಅದಕ್ಕೆ ಹೊಂದಿಕೊಂಡು ಮುಖವನ್ನ ಕಪ್ಪಗೆ ಮಾಡುತ್ತೆ. ಆರ್ಗಾಂಜಾ ಬೇಡ, ಕಾಗದದ ಹಾಗೆ ನಿಲ್ಲುತ್ತೆ. ಜಾರ್ಜೆಟ್‌ನಲ್ಲಿ ಗಾಢ ನವಿಲು ನೀಲಿ ಅಥವಾ ವೈನ್, ಕಸೂತಿ ಕೆಲಸ ಅಂಚಿಗೆ ಮತ್ತು ಸೆರಗಿಗೆ ಮಾತ್ರ. ರೇಷ್ಮೆಯೇ ಬೇಕಂದ್ರೆ ಹಾಸು ಒಂದು ಬಣ್ಣ, ಹೊಕ್ಕು (ಅಡ್ಡ ಎಳೆ) ಒಂದು ಬಣ್ಣ ಇರೋ ಡಬಲ್ ಶೇಡ್ ಕೇಳಿ. ನೀಲಿಗೆ ಹಸಿರು ನೇಯ್ದದ್ದು ನೆರಿಗೆಯ ಮಡಿಕೆಯಲ್ಲಿ ಒಂದು ಬಣ್ಣ, ಮೇಲೆ ಇನ್ನೊಂದು ತೋರಿಸುತ್ತೆ. ಕಪ್ಪಿನ ಎಳೆ ಸೇರಿದ ಶೇಡ್ ಬಿಡಿ, ಸಂಜೆ ದೀಪಕ್ಕೆ ಅದು ಬರೀ ಕಪ್ಪು.

ಟೇಪು_ಕತ್ತರಿ:

ತೋಳು 8 ಇಂಚು ಅನ್ನೋದು ಬೇರೆ ಬಣ್ಣದ ಬ್ಲೌಸಿಗೆ ಸರಿ, ಒಪ್ಪಿದೆ. ಹತ್ತು ಇಂಚಿಗೇ ಕತ್ತರಿಸಿ ಎರಡು ಇಂಚು ಒಳಗೆ ಮಡಚಿ ಕಚ್ಚಾ ಹೊಲಿಗೆ ಹಾಕೋಕೆ ಹೇಳಿ, ಟ್ರಯಲ್‌ನಲ್ಲಿ ಸೀರೆ ಹೆಗಲಿಗೆ ಹಾಕಿಕೊಂಡು ನೋಡಿ ತೀರ್ಮಾನ ಮಾಡಿ. ಟ್ರಯಲ್‌ಗೆ ಹೋಗುವಾಗ ಮದುವೆ ದಿನ ಹಾಕೋ ಬ್ರಾನೇ ಹಾಕಿಕೊಂಡು ಹೋಗಿ. ಪ್ಯಾಡ್ ಇರೋದು, ಇಲ್ಲದ್ದು ಬದಲಾದ್ರೆ ಎದೆಯ ತುದಿಯೇ ಅರ್ಧ ಇಂಚು ಆಚೀಚೆ ಆಗುತ್ತೆ, ಮಾಡಿದ ಲೆಕ್ಕ ಎಲ್ಲಾ ಹೋಗುತ್ತೆ. ಮದುವೆಗೆ ಹತ್ತು ದಿನ ಇರೋವಾಗ ಟ್ರಯಲ್ ಇಟ್ಟುಕೊಳ್ಳಿ, ಬಿಚ್ಚಿ ಹೊಲಿಯೋಕೆ ಟೈಲರ್‌ಗೂ ಟೈಮ್ ಬೇಕು.